ರುದ್ರಪ್ಪನವರ ಕುರ್ಚಿಗೆ ನಾನು ಬಣ್ಣ ಹಚ್ಚಿದ್ದು

ಹಳೆಯದನ್ನು ಹೊಸದು ಮಾಡುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಇಂಥದ್ದನ್ನು ನಂಬಲು ಸಾಕ್ಷಿ ಪುರಾವೆ ಏನೂ ಬೇಕಾಗುವುದಿಲ್ಲ. ಹೆಂಡತಿ ಸುಮ್ಮನಿದ್ದರೆ ಸಾಕು.

ಎಪ್ಪತ್ತರ ದಶಕದ ಕೊನೆ. ಆಗ ನಾನು ಮಧುಗಿರಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೆಟ್ಟದ ಬುಡದ ಬೀದಿಯಲ್ಲಿ, ರುದ್ರಪ್ಪನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾನು, ನನ್ನ ಹೆಂಡತಿ ಜಯಮ್ಮ ಬಾಡಿಗೆಗಿದ್ದೆವು. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಪೀಠೋಪಕರಣ ಎಂದು ಕರೆಯಬಹುದಾದದ್ದು ಒಂದು ಚಾಪೆ.

ಜಯಮ್ಮನಿಗೆ ಹೊಲಿಗೆ ಬರುತ್ತಿತ್ತು. ನನಗೆ ಬಣ್ಣ ಬರುತ್ತದೆಂದು ನಾನೇ ಹೇಳಿಕೊಂಡಿದ್ದೆ. ವಾರಪತ್ರಿಕೆಯ ಮಹಿಳಾ ಪುಟ ನೋಡಿ ನೋಡಿ ಇಬ್ಬರೂ ಸೇರಿ ಮನೆ ಸಿಂಗರಿಸಲು ಹೊರಟೆವು. ಅಂಗಡಿಯವರು ಬಿಸಾಕಿದ ಸಾಬೂನಿನ ಪೆಟ್ಟಿಗೆಗಳನ್ನು ಜೋಡಿಸಿ ಟೀಪಾಯಿ ಮಾಡಿದೆವು. ಅದರ ಮೇಲೆ ಲೋಟ ಇಟ್ಟರೆ ಅದು ತಾನಾಗಿಯೇ ಜಾರಿ ಒಂದು ಮೂಲೆಗೆ ಬರುತ್ತಿತ್ತು. ಆ ಮೂಲೆಯಲ್ಲಿ ಕೂತವರಿಗೆ ಬಹಳ ಅನುಕೂಲವಾಗಿತ್ತು! ಔಷಧಿ ಬಾಟಲಿಗಳಿಗೆ ಬಣ್ಣ ಬಳಿದು ಕಾಗದದ ಹೂವು ಸಿಕ್ಕಿಸಿದೆವು. ಮನೆಗೆ ಬಂದ ಜಯಮ್ಮನ ಅಣ್ಣ ಅದನ್ನು ನೋಡಿ, "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ.

ರುದ್ರಪ್ಪನವರು ಬೆಲ್ಲದ ವ್ಯಾಪಾರ ಮಾಡಿ, ದಮ್ಮಿನ ಕಾಯಿಲೆ ಬಂದ ಮೇಲೆ ಬಿಟ್ಟು ಕೂತವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಒಳ್ಳೆಯ ಮಾತು. ನಮ್ಮ ಟೀಪಾಯಿಯನ್ನು ಮೆಚ್ಚಿದ ಏಕೈಕ ಮನುಷ್ಯ. ಒಂದು ದಿನ ನನ್ನನ್ನು ಕರೆದು ಹೇಳಿದರು.

"ಅಟ್ಟದ ಮ್ಯಾಲೆ ನಮ್ಮಪ್ಪನ ಕಾಲದ್ದು ಒಂದು ಕೈಕುರ್ಚಿ ಐತೆ ಮೇಷ್ಟ್ರೆ. ಒಂದು ಕಾಲು ಗೆದ್ಲು ತಿಂದೈತೆ. ತಗಂಡೋಗಿ. ಸರಿ ಮಾಡಿದ್ರೆ ನಾನೇ ಮೊದ್ಲು ಬಂದು ಕೂತ್ಕತೀನಿ."

ಹೆಡ್ಮಾಸ್ತರರ ಅಪ್ಪಣೆ ಪಡೆದು, ಮುರಿದ ಕರಿಹಲಗೆ ಸ್ಟ್ಯಾಂಡಿನ ಕಾಲೊಂದನ್ನು ತಂದು ಕುರ್ಚಿಗೆ ಮೊಳೆ ಹೊಡೆದೆ. ಜಯಮ್ಮ ತೆಂಗಿನ ನಾರು ತುಂಬಿ, ತನ್ನ ಹಸಿರು ಸೀರೆಯನ್ನು ಕತ್ತರಿಸಿ ಮೆತ್ತೆ ಹೊಲಿದು, ಕೂರುವ ಜಾಗಕ್ಕೂ ಬೆನ್ನಿಗೂ ಬಿಗಿದಳು. ಅದು ನಿಜಕ್ಕೂ ಚೆನ್ನಾಗಿತ್ತು. ಉಳಿದದ್ದು ಬಣ್ಣ.

ಶಿರಾದ ಒಂದು ಅಂಗಡಿಯಲ್ಲಿ ಡಬ್ಬದ ತಳದಲ್ಲಿ ಉಳಿದ ಕಡುಗೆಂಪು ಬಣ್ಣ ಅಗ್ಗಕ್ಕೆ ಸಿಕ್ಕಿತು. ಹಲ್ವದ ಹಾಗೆ ಗಟ್ಟಿಯಾಗಿತ್ತು. ತೆಳ್ಳಗೆ ಮಾಡಲು ಅಗಸೆ ಎಣ್ಣೆ ಹಾಕಬೇಕೆಂದು ಅಂಗಡಿಯ ಸಾಬರು ಹೇಳಿದರು. ಮನೆಯಲ್ಲಿದ್ದದ್ದು ಹರಳೆಣ್ಣೆ. ಎಣ್ಣೆ ಎಣ್ಣೆಯೇ ಎಂದು ನಾನು ತೀರ್ಮಾನಿಸಿದೆ.

"ರೀ, ಹರಳೆಣ್ಣೆ ತಲೆಗೆ ಹಚ್ಚಿದ್ರೆ ಎರಕೊಳೋ ತನಕ ಒಣಗಾಕಿಲ್ಲ. ಇದೆಂಗೆ ಒಣಗುತ್ತೆ?" ಎಂದಳು ಜಯಮ್ಮ.

"ನಿನಗೆ ರಸಾಯನಶಾಸ್ತ್ರ ಗೊತ್ತಿಲ್ಲ" ಎಂದೆ. ನನಗೂ ಗೊತ್ತಿರಲಿಲ್ಲ.

ಎಂಟು ದಿನ ಬಿಸಿಲಿಗೆ ಇಟ್ಟೆ. ಬೇಸಿಗೆಯ ಬಿಸಿಲು ಬೆಟ್ಟದ ಬಂಡೆಗೆ ಬಡಿದು ನಮ್ಮ ಬೀದಿಗೇ ವಾಪಸ್ಸು ಬರುತ್ತಿತ್ತು. ಹಿತ್ತಲಲ್ಲಿ ಒಣಹಾಕಿದ ಸಂಡಿಗೆ ಅರ್ಧ ದಿನದಲ್ಲಿ ಗರಿಗರಿಯಾಯಿತು. ಕುರ್ಚಿ ಅಂಟುತ್ತಲೇ ಇತ್ತು. ನೊಣಗಳು ಬಂದು ಕೂತವು, ಎದ್ದು ಹೋಗಲಿಲ್ಲ. ಕೊನೆಗೆ ಶಾಲೆಯಿಂದ ಸೀಮೆಸುಣ್ಣದ ಪುಡಿ ತಂದು ಕುರ್ಚಿಯ ಮೈಗೆಲ್ಲ ಉಜ್ಜಿದೆ. ಅಂಟು ಮಾಯ! ಮುಟ್ಟಿದರೆ ನುಣ್ಣಗೆ. ಜಯಮ್ಮನ ಮುಂದೆ ಕೈ ಆಡಿಸಿ ತೋರಿಸಿದೆ. ಅವಳು ಏನೂ ಅನ್ನಲಿಲ್ಲ. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಎರಡು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ, ಮನೆಯ ಮುಂಭಾಗದಿಂದ ರುದ್ರಪ್ಪನವರ ಹೆಂಡತಿ ಗಂಗಮ್ಮನವರು ಕೂಗಿಕೊಂಡರು. ನಾವು ಓಡಿದೆವು. ರುದ್ರಪ್ಪನವರು ಹಾಸಿಗೆಯ ಮೇಲೆಯೇ ಹೋಗಿಬಿಟ್ಟಿದ್ದರು. ಗಂಗಮ್ಮನವರು ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಅವರ ಪದ್ಧತಿಯಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ ಕೂರಿಸುತ್ತಾರೆ. ಬೀದಿಯವರೆಲ್ಲ ಸೇರಿದರು. ಕೂರಿಸಲು ಕೈ ಇರುವ ಕುರ್ಚಿ ಬೇಕಾಗಿತ್ತು. ಆ ಮನೆಯಲ್ಲಿ ಇರಲಿಲ್ಲ. ಇದ್ದದ್ದನ್ನು ನಮಗೆ ಕೊಟ್ಟಿದ್ದರು.

"ಮೇಷ್ಟ್ರ ಮನೇಲಿ ಐತಲ್ಲ" ಎಂದರು ಯಾರೋ.

ಗಂಗಮ್ಮನವರು ನನ್ನ ಕಡೆ ನೋಡಿದರು. "ಅವರೇ ಕೊಟ್ಟ ಕುರ್ಚಿ. ಅದ್ರಾಗೇ ಕೂತ್ಕಳ್ಳಿ. ಒಣಗೈತಾ ಮೇಷ್ಟ್ರೆ?"

ಜಯಮ್ಮ ಹಿಂದಿನಿಂದ ನನ್ನ ತೋಳು ಚಿವುಟಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಒಂದು ಮಣೆ, ಒಂದು ಗೋಡೆ, ಏನಾದರೂ ದಾರಿ ಇರುತ್ತಿತ್ತು. ಆದರೆ ಅತ್ತು ಊದಿದ ಆ ಕಣ್ಣುಗಳ ಮುಂದೆ ಹರಳೆಣ್ಣೆಯ ವಿಷಯ ತೆಗೆಯಲು ನನಗೆ ಬಾಯಿ ಬರಲಿಲ್ಲ. "ಒಣಗಿದೆಯಮ್ಮ" ಎಂದೆ.

ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಶಾಲು. ನನ್ನ ಕುರ್ಚಿಯಲ್ಲಿ ರುದ್ರಪ್ಪನವರು ಮಹಾರಾಜರ ಹಾಗೆ ಕೂತರು. ಮೊದಲು ಕೂತದ್ದು ಅವರೇ. ನನಗೆ ಅಳು ಬಂತು. ಒಂದು ಕ್ಷಣ, ನಾಚಿಕೆಯಿಲ್ಲದೆ ಹೇಳುತ್ತೇನೆ, ಕುರ್ಚಿ ಚೆನ್ನಾಗಿ ಕಾಣುತ್ತಿದೆ ಎಂದೂ ಅನ್ನಿಸಿತು.

ಬಿಸಿಲು ಏರಿತು. ಜನರ ಬಿಸಿ, ಊದುಬತ್ತಿಯ ಬಿಸಿ ಸೇರಿತು. ಸೀಮೆಸುಣ್ಣ ಎಷ್ಟು ಹೊತ್ತು ತಡೆದೀತು?

ಮಗ ಮಹೇಶ ಕೊರಟಗೆರೆಯಿಂದ ಬಸ್ಸಿಳಿದು ಓಡಿ ಬಂದಾಗ ಮಧ್ಯಾಹ್ನವಾಗಿತ್ತು. ಅಪ್ಪನ ಕಾಲು ಹಿಡಿದು ಅತ್ತ. ಆಮೇಲೆ ಕೈ ಹಿಡಿಯಲು ಹೋದವನು ಥಟ್ಟನೆ ನಿಂತ. ಅಂಗಿಯ ಮೊಣಕೈ ಕೆಂಪಾಗಿತ್ತು. ಶಾಲಿನ ಅಂಚು ಕೆಂಪಾಗಿತ್ತು.

"ಅವ್ವಾ, ಇದೇನು ರಕ್ತ? ಅಪ್ಪ ಬಿದ್ರಾ?"

ಮೂಲೆಯಲ್ಲಿ ನಡೆಯುತ್ತಿದ್ದ ಭಜನೆ ನಿಂತಿತು.

"ಇಲ್ಲ ಕಣಪ್ಪ, ಮಲಗಿದ್ರು. ನೀರು ಕೇಳುದ್ರು. ತರಕ್ಕೋದೆ..." ಗಂಗಮ್ಮನವರ ಮಾತು ಅಲ್ಲಿಗೇ ನಿಂತಿತು. ಮುಖ ಬಿಳಿಚಿತು. "ನಾನು ಒಳಗೋದಾಗ ಬಿದ್ರೇನೋ. ಬಿದ್ದು, ತಾವೇ ಎದ್ದು ಮಲಗಿದ್ರೇನೋ. ನಂಗೆ ಕೇಳಿಸ್ಲೇ ಇಲ್ವಲ್ಲೋ! ನಾನ್ಯಾಕೆ ಬುಟ್ಟೋದೆ?" ಎಂದು ಎದೆ ಬಡಿದುಕೊಳ್ಳತೊಡಗಿದರು.

ಜಯಮ್ಮ ಈಗ ಚಿವುಟಲಿಲ್ಲ. ಬರೀ ನನ್ನನ್ನು ನೋಡಿದಳು. ಅದು ಚಿವುಟಿದ್ದಕ್ಕಿಂತ ಹೆಚ್ಚು ನೋಯಿಸಿತು.

"ರಕ್ತ ಅಲ್ಲಪ್ಪ ಅದು" ಎಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ. ಗಟ್ಟಿಯಾಗಿ ಮತ್ತೆ ಹೇಳಬೇಕಾಯಿತು. "ಬಣ್ಣ. ನಾನು ಬಳಿದದ್ದು. ಒಣಗಿರ್ಲಿಲ್ಲ."

ಮಹೇಶ ಬೆರಳಿನಿಂದ ಒರೆಸಿ ಮೂಸಿದ. "ಹರಳೆಣ್ಣೆ ವಾಸ್ನೆ" ಎಂದ. ಅಷ್ಟೇ. ಅವನು ನನಗೆ ಒಂದು ಏಟು ಹೊಡೆದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಡೀ ಬೀದಿ ನನ್ನನ್ನು ನೋಡಿತು. ಡ್ರಾಯಿಂಗ್ ಮೇಷ್ಟ್ರಿಗೆ ಬೇರೆ ಪ್ರದರ್ಶನ ಬೇಕಾಗಿರಲಿಲ್ಲ.

ಹೊರಗೆ ಅವರನ್ನು ಹೊತ್ತೊಯ್ಯುವ ವಿಮಾನ ಸಿದ್ಧವಾಗಿತ್ತು. ಬಿದಿರು ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹೂವು ಇಳಿಬಿಟ್ಟಿದ್ದರು. ಪೂಜೆ ಮುಗಿಸಿದ ಅಯ್ಯನವರು, "ಎತ್ರಪ್ಪ" ಎಂದರು. ನಾಲ್ಕು ಜನ ಎತ್ತಿದರು. ರುದ್ರಪ್ಪನವರ ಜೊತೆಗೆ ಕುರ್ಚಿಯೂ ಎದ್ದಿತು!

"ಯಜಮಾನ್ರು ಕುರ್ಚಿ ಬುಡಾಕಿಲ್ಲ ಅಂತಾರೆ" ಎಂದನೊಬ್ಬ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಇಳಿಸಿದರು. ಮತ್ತೆ ಎಳೆದರು. ನಾನು ಹೊಡೆದ ಮೊಳೆಗಳು ಆ ಕ್ಷಣವನ್ನೇ ಆರಿಸಿಕೊಂಡವು. ಕರಿಹಲಗೆಯ ಕಾಲು ಲಟಕ್ಕನೆ ಮುರಿಯಿತು. ಕುರ್ಚಿ ವಾಲಿತು. ಪಕ್ಕದಲ್ಲಿದ್ದವನು ನಾನೇ. ರುದ್ರಪ್ಪನವರು ನನ್ನ ಮೇಲೆ ಬಂದರು. ಎರಡು ಕೈಯಿಂದ ತಬ್ಬಿ ಹಿಡಿದುಕೊಂಡೆ. ಅವರ ತಲೆ ನನ್ನ ಹೆಗಲ ಮೇಲಿತ್ತು. ತಣ್ಣಗಿನ ಹಣೆಯ ವಿಭೂತಿ ನನ್ನ ಕೆನ್ನೆಗೆ ಹತ್ತಿತು. ಎರಡು ವರ್ಷ ಒಂದೇ ಅಂಗಳದಲ್ಲಿದ್ದರೂ ಅವರನ್ನು ನಾನು ಮುಟ್ಟಿದ್ದು ಅದೇ ಮೊದಲು. "ತಪ್ಪಾಯ್ತು ಯಜಮಾನ್ರೆ" ಎಂದು ಅವರ ಕಿವಿಯಲ್ಲಿ ಹೇಳಿದೆ. ಬೇರೆ ಯಾರಿಗೂ ಕೇಳಿಸಿರಲಾರದು.

"ಬಟ್ಟೆ ಕತ್ತರಿಸ್ರಪ್ಪ, ಎಳೀಬ್ಯಾಡ್ರಿ" ಎಂದರು ಅಯ್ಯನವರು.

ಜಯಮ್ಮ ಹೋಗಿ ಹೊಲಿಗೆಯ ಕತ್ತರಿ ತಂದಳು. ನಾನು ಅವರನ್ನು ಹಿಡಿದು ನಿಂತೆ. ಅವಳು ತಾನೇ ಹೊಲಿದ ಹಸಿರು ಮೆತ್ತೆಯನ್ನು ಸುತ್ತ ಕತ್ತರಿಸಿದಳು. ಬಣ್ಣ ಹೀರಿಕೊಂಡಿದ್ದ ಅವಳ ಸೀರೆಯ ಒಂದು ತುಂಡು ರುದ್ರಪ್ಪನವರ ಬೆನ್ನಿಗೆ ಅಂಟಿಕೊಂಡೇ ಹೋಯಿತು. ಅದು ಕಾಣದಂತೆ ಗಂಗಮ್ಮನವರು ಪೆಟ್ಟಿಗೆಯಿಂದ ಇನ್ನೊಂದು ಶಾಲು ತೆಗೆದು ಹೊದಿಸಿದರು. ಮೆರವಣಿಗೆಯಲ್ಲಿ ಹೆಗಲು ಕೊಟ್ಟ ನಾಲ್ವರ ಕೈಯೂ ಕೆಂಪಾಗಿತ್ತು. ನನ್ನದು ಮೊಣಕೈವರೆಗೆ. ಮಣ್ಣು ಹಾಕುವಾಗ ಅದಕ್ಕೂ ಮಣ್ಣು ಅಂಟಿತು.

ಆಮೇಲಿನ ದಿನಗಳಲ್ಲಿ ಗಂಗಮ್ಮನವರು ನಡುಮನೆಯ ಮೂಲೆ ಬಿಟ್ಟು ಏಳಲಿಲ್ಲ. ಊಟಕ್ಕೆ ಕರೆದರೆ ತಲೆ ಆಡಿಸುತ್ತಿದ್ದರು. ನಾನು ಎರಡು ಪುಟದಷ್ಟು ಕ್ಷಮಾಪಣೆಯನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅವರು ಅದರ ಮೊದಲ ಸಾಲಿಗೇ ತಡೆದರು.

"ಬಣ್ಣವೇ ತಾನೇ ಮೇಷ್ಟ್ರೆ? ಅವ್ರು ಬಿದ್ದಿರ್ಲಿಲ್ಲ ತಾನೇ?"

"ಬಣ್ಣವೇ ಅಮ್ಮ. ನನ್ನಾಣೆಗೂ ಬಣ್ಣವೇ."

ಮಾರನೆಯ ದಿನವೂ ಅದನ್ನೇ ಕೇಳಿದರು. ನಾನೂ ಅದನ್ನೇ ಹೇಳಿದೆ. ಹೀಗೆ ನಾಲ್ಕು ದಿನ.

ಐದನೆಯ ದಿನ ಮಹೇಶ ಗೋಡೆ ನೋಡುತ್ತ ನಿಂತಿದ್ದ. "ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರೆಲ್ಲ ಬತ್ತಾರೆ. ಸುಣ್ಣ ಹೊಡಿಸ್ಬೇಕು. ಆಳು ಸಿಗ್ತಿಲ್ಲ" ಎಂದ. ಅವನು ನನ್ನ ಜೊತೆ ಮಾತಾಡಿದ್ದೇ ದೊಡ್ಡದು. ಋಣ ತೀರಿಸುವ ಅವಕಾಶ ಸಿಕ್ಕಿತೆಂದು ನನ್ನ ಮನಸ್ಸು ತುಂಬಿ ಬಂತು.

"ಆಳು ಯಾಕಪ್ಪ? ನಾನೇ ಹೊಡೀತೀನಿ!" ಎಂದೆ.

"ಬ್ಯಾಡಿ ಮೇಷ್ಟ್ರೆ!"

ಎಲ್ಲರೂ ತಿರುಗಿ ನೋಡಿದೆವು. ಗಂಗಮ್ಮನವರು ಗೋಡೆ ಹಿಡಿದು ಎದ್ದು ನಿಂತಿದ್ದರು. ಅಯ್ಯನವರು ಸಮಾಧಾನ ಹೇಳಿದರೂ ಏಳದವರು, ಮಗ ಕಾಲು ಹಿಡಿದರೂ ಏಳದವರು, ಸೆರಗು ಸಿಕ್ಕಿಸಿಕೊಂಡು ನನಗೂ ಗೋಡೆಗೂ ನಡುವೆ ಬಂದು ನಿಂತರು. ಆಮೇಲೆ, ಎದ್ದದ್ದು ಎದ್ದಾಯಿತು ಎನ್ನುವಂತೆ ಒಳಗೆ ಹೋಗಿ ಕಾಫಿಗೆ ನೀರಿಟ್ಟರು.

ನಾನು ಕಾಫಿ ಕುಡಿದು, ಎಲ್ಲಿಯೂ ಏನನ್ನೂ ಮುಟ್ಟದೆ, ಎರಡೂ ಕೈ ಹಿಂದೆ ಕಟ್ಟಿಕೊಂಡು ಮನೆಗೆ ಬಂದೆ.