ನಳಿಗೆಗೆ ಬಿಸಿನೀರು

ಗುಂಡು ಹಾರಿಸಿದ್ದು ಮಾವ ಅಳಿಯ ಇಬ್ಬರೂ, ರೈಫಲ್ಲಿನ ನಳಿಗೆ ತೊಳೆಯುವ ಕೆಲಸ ಮಾತ್ರ ಅಳಿಯನ ತಲೆಗೆ. ಇದು ಯಾವ ಊರಿನ ನ್ಯಾಯ ಅಂತ ಭೂಗೋಳದ ಮೇಷ್ಟ್ರು ಕ್ಲಬ್ಬಿನಿಂದ ಮನೆ ಸೇರುವ ತನಕ ಗೊಣಗಿದರು. ಭೂಪಟದ ಮೇಲೆ ಯಾವ ಊರನ್ನು ಕೇಳಿದರೂ ಬೆರಳಿಟ್ಟು ತೋರಿಸಬಲ್ಲ ಅವರಿಗೇ ಆ ಊರು ಸಿಕ್ಕಿರಲಿಲ್ಲ.

ರೈಫಲ್ ಮಾವನದು. ಮಾವ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ. ಭಾನುವಾರದ ಪಂದ್ಯ ಮುಗಿಯುವ ತನಕ ಮಗಳ ಮನೆಯಲ್ಲೇ ಠಿಕಾಣಿ. ಆ ಪಂದ್ಯದಲ್ಲಿ ತಾನೂ ಗುರಿಯಿಟ್ಟು ಹೊಡೆಯಬೇಕು ಅನ್ನುವುದು ಮೇಷ್ಟ್ರ ಬಹುದಿನದ ಆಸೆ. (ಸ್ಟಾಫ್ ರೂಮಿನಲ್ಲಿ ಆಗಲೇ ಡಂಗುರ ಸಾರಿಯೂ ಆಗಿತ್ತು.) ಆದರೆ ಸ್ವಂತ ರೈಫಲ್ ಇಲ್ಲ. ಮಾವನ ಕೃಪಾಕಟಾಕ್ಷವೇ ಗತಿ.

ಆ ಮಾವ ಮನೆಗೆ ಬಂದವರೇ ಶೀತಕ್ಕೆ ಕಟ್ಟಿದ ಗಂಟಲಲ್ಲೇ ಆಜ್ಞೆ ಹೊರಡಿಸಿದರು. “ಅಳಿಯಂದಿರೇ, ಇವತ್ತು ಹಾರಿಸಿದ್ದು ಹಳೇ ಮಿಲಿಟರಿ ತೋಟಾ. ಅದು ಸಿಡಿದ ಮೇಲೆ ನಳಿಗೆ ಒಳಗೆ ಉಪ್ಪು ಕೂತಿರುತ್ತೆ. ಎಣ್ಣೆಗೆಲ್ಲ ಅದು ಜಗ್ಗೋದಿಲ್ಲ, ನೀರಲ್ಲೇ ಕರಗಬೇಕು. ಮೊದಲು ಕುದಿಯೋ ನೀರು, ಆಮೇಲೆ ಒಣಬಟ್ಟೆ, ಕೊನೇಲಿ ಎಣ್ಣೆ. ಸಂಜೆ ನಾನೇ ನೋಡ್ತೀನಿ. ಒಂದು ಚೂರು ತುಕ್ಕು ಕಂಡ್ರೂ ಭಾನುವಾರ ನೀವು ಪ್ರೇಕ್ಷಕರ ಜೊತೆ ಕೂತ್ಕೋಬಹುದು.” ಇಷ್ಟು ಹೇಳಿ ಮುಸುಕೆಳೆದು ಮಲಗಿಬಿಟ್ಟರು.

ಮೇಷ್ಟ್ರು ರೈಫಲ್ ಹೊತ್ತು ಅಡುಗೆಮನೆಗೆ ನಡೆದರು.

“ಅದನ್ನ ಇಲ್ಲಿಗೆ ತರಬೇಡಿ,” ಹೆಂಡತಿ ತಿರುಗಿಯೂ ನೋಡದೆ ಅಂದಳು.

“ಮತ್ತೆಲ್ಲಿ ತೊಳೀಲಿ, ನಡುಬೀದೀಲಾ?”

“ಬಚ್ಚಲಿದೆಯಲ್ಲ. ಅದಿರ್ಲಿ, ಕೈಯಲ್ಲೇನದು ಬಟ್ಟೆ ಚೂರು?”

“ಯಾವುದೋ ಹಳೇ ದಿಂಬಿನ ಕವರ್ರು. ನಳಿಗೆ ಒರೆಸೋಕೆ ಕತ್ತರಿಸಿದೆ.”

“ಹಳೇದಲ್ಲ, ಒಗೆದದ್ದು. ನಿಮ್ಮ ಕಣ್ಣಿಗೆ ಎರಡೂ ಒಂದೇ.”

ಮೇಷ್ಟ್ರಿಗೆ ರೇಗಿತು. ಒಂದು ಮಹಾಕಾರ್ಯಕ್ಕೆ ಹೊರಟವನಿಗೆ ಈ ಮನೆಯಲ್ಲಿ ಸಿಗುವ ಮರ್ಯಾದೆ ಇದು. “ನೋಡು, ಉಪ್ಪು ಅನ್ನೋದು ಕಬ್ಬಿಣದ ಹುಟ್ಟುಶತ್ರು. ಗಾಳಿಯ ತೇವನೆಲ್ಲ ತಾನೇ ಎಳ್ಕೊಂಡು...” ಅಂತ ತರಗತಿಯ ದನಿಯಲ್ಲೇ ಶುರುಮಾಡಿದರು. ಒಲೆಯ ಮೇಲೆ ಎರಡು ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪಾಠ ನಿಲ್ಲಿಸದೆ ಹತ್ತಿರದ್ದಕ್ಕೆ ಕೈ ಹಾಕಿದರು.

“ರೀ, ಅದು...”

“ಪಾಠದ ಮಧ್ಯೆ ಬಾಯಿ ಹಾಕಬೇಡ. ಪ್ರಶ್ನೆ ಎಲ್ಲ ಕೊನೇಲಿ.”

“ಪ್ರಶ್ನೆ ಅಲ್ಲ, ಆ ಪಾತ್ರೇಲಿ...”

“ನಿನ್ನ ಪಾತ್ರೆ ನಿನಗೆ ವಾಪಸ್ ಬರುತ್ತೆ ಮಾರಾಯ್ತಿ. ಈ ಮನೇಲಿ ಬಿಸಿನೀರಿಗೂ ಅರ್ಜಿ ಹಾಕ್ಬೇಕಾ?”

ಹೆಂಡತಿ ಥಟ್ಟನೆ ಸುಮ್ಮನಾದಳು. (ಅವಳು ಹಾಗೆ ಸುಮ್ಮನಾದರೆ ಅದು ಒಪ್ಪಿಗೆಯಲ್ಲ ಅನ್ನುವುದು ಮೇಷ್ಟ್ರಿಗೆ ಇಷ್ಟು ವರ್ಷ ಸಂಸಾರ ಮಾಡಿದರೂ ಹೊಳೆದಿಲ್ಲ.) ಕೇಳೋರಿಗೆ ಹೇಳಬಹುದು ಅಂದುಕೊಂಡು, ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು.

ಮೇಷ್ಟ್ರು ಬಚ್ಚಲಲ್ಲಿ ನಳಿಗೆಗೆ ಲಾಳಿಕೆ ಇಟ್ಟು ನೀರು ಹುಯ್ದರು. ಹೆಬ್ಬೆರಳಿಗೆ ಬೊಬ್ಬೆ ಬಂತು. ಸರಳಿಗೆ ಬಟ್ಟೆ ಸಿಕ್ಕಿಸಿ ಎಳೆದೆಳೆದು ಒರೆಸಿದರು, ಎಣ್ಣೆ ಸವರಿದರು, ಗೋಡೆಗೆ ಒರಗಿಸಿಟ್ಟು ದೂರ ನಿಂತು ನೋಡಿದರು. ಇಷ್ಟು ಶ್ರದ್ಧೆಯಿಂದ ಅವರು ಉತ್ತರ ಪತ್ರಿಕೆ ಕೂಡ ತಿದ್ದಿದವರಲ್ಲ.

ಮಾವ ಎದ್ದವರು ಒಲೆ ಮೇಲಿದ್ದ ಇನ್ನೊಂದು ಪಾತ್ರೆಯ ನೀರನ್ನು ತಾವೇ ಬಗ್ಗಿಸಿಕೊಂಡು ಗಂಟಲು ಮುಕ್ಕಳಿಸತೊಡಗಿದರು. ಒಂದು ಗುಟುಕಿಗೇ ಉಗಿದು ಕೇಳಿದರು, “ಮಗಳೇ, ಇದಕ್ಕೆ ಉಪ್ಪೇ ಹಾಕಿಲ್ವಲ್ಲೇ.”

ಬಚ್ಚಲ ಬಾಗಿಲಲ್ಲಿದ್ದ ಮೇಷ್ಟ್ರು ಗೋಡೆಗೆ ಒರಗಿದ್ದ ರೈಫಲ್ ಕಡೆ ತಿರುಗಿ ನೋಡಿದರು.

“ಇರಪ್ಪ, ಹಾಕಿಕೊಡ್ತೀನಿ,” ಅನ್ನುತ್ತ ಮಹಡಿ ಇಳಿದ ಹೆಂಡತಿ ಗಂಡನ ಪಕ್ಕ ಬಂದು ಪಿಸುಗುಟ್ಟಿದಳು. “ನಿಮಗೆ ಅಂತ ಕಾಯಿಸಿದ ನೀರು ಅಪ್ಪನ ಬಾಯಿಗೆ ಹೋಯ್ತು. ಅಪ್ಪನಿಗೆ ಅಂತ ಉಪ್ಪು ಹಾಕಿದ್ದು ನಿಮ್ಮ ನಳಿಗೆಗೆ. ಪಾಠ ಮುಗೀತಲ್ಲ?”

“ಆಗಲೇ ಬೊಗಳೋಕೇನಾಗಿತ್ತು ನಿನಗೆ?” ಮೇಷ್ಟ್ರು ಹಲ್ಲು ಕಡಿದರು. (ಹೌದು, ಸಿಟ್ಟು ಬಂದದ್ದು ಅವರಿಗೇ.) ಮತ್ತೆ ನೀರು ಕಾಯಿಸಿದರು. ಈ ಸಲ ಒಂದು ತೊಟ್ಟು ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಬಚ್ಚಲಿಗೆ ಓಡಿದರು. ಹುಯ್ದರು, ತಿಕ್ಕಿದರು, ಮತ್ತೆ ಹುಯ್ದರು. ಎಣ್ಣೆ ಸವರುವ ಹೊತ್ತಿಗೆ ಬಾಗಿಲಲ್ಲಿ ಮಾವ.

“ಆಗಲೇ ತೊಳೆದಿದ್ರಲ್ಲ?”

“ತೊಳೆದಿದ್ದೆ ಮಾವ. ಯಾಕೋ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ.”

ಮಾವ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಒಳಗೆ ಫಳಫಳ ಅನ್ನುತ್ತಿತ್ತು.

“ಕ್ಲಬ್ಬಲ್ಲಿ ಒಂದ್ಸಲ ತೊಳೀರಿ ಅಂದ್ರೇ ಮುಖ ಗಂಟು ಹಾಕ್ತಾರೆ,” ಮಾವ ಅಳಿಯನ ಬೆನ್ನು ತಟ್ಟಿದರು. “ನೀವು ಯಾರೂ ಹೇಳದೇನೇ ಎರಡು ಸಲ ತೊಳೆದ್ರಿ. ದೊಡ್ಡ ಚಿಂತೆ ಕಳೀತು ನನಗೆ. ಭಾನುವಾರನೂ ಇದೇ ಹಳೇ ತೋಟಾ. ಅಷ್ಟೂ ರೈಫಲ್ ತೊಳೆಸೋಕೆ ನಂಬಿಕಸ್ಥರು ಯಾರು ಸಿಗ್ತಾರೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಆ ಜವಾಬ್ದಾರಿ ನಿಮ್ಮದು. ಗುಂಡು ಹೊಡೆಯೋಕೆ ಯಾರು ಬೇಕಾದ್ರೂ ಸಿಗ್ತಾರೆ.”

“ಅಲ್ಲ ಮಾವ, ಪಂದ್ಯದಲ್ಲಿ ನಾನೂ... ನೀವಂದುಕೊಂಡಷ್ಟು ನಾನೇನು ಅಂಥಾ...”

“ಸಂಕೋಚ ಬೇಡ.”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಬಾಗಿಲಿಗೆ ಒರಗಿ ಬಟ್ಟೆ ಮಡಚುತ್ತಿದ್ದಳು.

“ಬೇಡ ಅನ್ನಲ್ಲ ಬಿಡಪ್ಪ ಅವರು. ಎರಡನೇ ಸಲ ಯಾಕೆ ತೊಳೆದ್ರು ಅಂತ ಬೇಕಾದ್ರೆ ಅವರ ಬಾಯಲ್ಲೇ ಕೇಳು.”

“ಸಂತೋಷವಾಗಿ ತೊಳೀತೀನಿ ಮಾವ,” ಅಂದರು ಮೇಷ್ಟ್ರು.