ಕಣ್ಣು ಕಟ್ಟಿಸಿಕೊಂಡ ಮೂರು ವಾರ

ಕೈಗಡಿಯಾರ ಕಟ್ಟುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿದ್ದ ಕಾಲವೊಂದಿತ್ತು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳಿಗ್ಗೆ ಐದಕ್ಕೆ ನನಗೆ ತಾನಾಗಿ ಎಚ್ಚರವಾಗುತ್ತಿತ್ತು. ಅದನ್ನು ತಮಿಳುನಾಡಿನ ನಮ್ಮ ಕಂಬಂ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ದ್ರಾಕ್ಷಿ ಚಪ್ಪರದ ತಂತಿ ಬಿಗಿಯುತ್ತಿದ್ದಾಗ ಅದು ಸಿಡಿದು ಬಲಗಣ್ಣಿಗೆ ಬಡಿಯಿತು. ಒಂದು ಕಣ್ಣು ಹೊರಳಿದರೆ ಇನ್ನೊಂದೂ ಹೊರಳುತ್ತದೆಂದು ದಿಂಡಿಗಲ್ಲಿನ ಡಾಕ್ಟರು ಎರಡಕ್ಕೂ ಪಟ್ಟಿ ಕಟ್ಟಿ, ಮೂರು ವಾರ ಕತ್ತಲೆ ಕೋಣೆಯಲ್ಲಿ ಮಲಗಿರಲು ಹೇಳಿದರು. ಹಿತ್ತಿಲ ಕಡೆಯ ಕಿಟಕಿಯಿಲ್ಲದ ಉಗ್ರಾಣವೇ ನನ್ನ ಆಸ್ಪತ್ರೆಯಾಯಿತು. ಎದ್ದ ಕೂಡಲೇ ಹೆಂಡತಿ ಕಾಫಿ ತರುತ್ತಿದ್ದಳು. ಗಂಟೆ ಎಷ್ಟೆಂದು ನಾನು ಒಂದು ದಿನವೂ ಕೇಳಲಿಲ್ಲ. ಎದ್ದೆನೆಂದರೆ ಐದು, ಅದರಲ್ಲಿ ಕೇಳುವುದೇನಿದೆ?

ಮೂರನೆಯ ವಾರದ ಕೊನೆಯ ದಿನ ನನ್ನ ತಂಗಿ ರಾಜಮ್ಮನನ್ನು ನೋಡಲು ತೇವಾರಂನಿಂದ ಗಂಡಿನ ಕಡೆಯವರು ಹನ್ನೊಂದಕ್ಕೆ ಬರುವುದಿತ್ತು. ಅದಕ್ಕೂ ಮೊದಲು ಎರಡು ಸಂಬಂಧ ತಪ್ಪಿಹೋಗಿದ್ದವು. ಅಂದು ಎಚ್ಚರವಾದಾಗ ಪಡಸಾಲೆಯಲ್ಲಿ ಗಂಡಸರ ದನಿ ಕೇಳಿಸಿತು. ಐದು ಗಂಟೆಗೇ ಹರಟೆಗೆ ಬಂದು ಕೂತಿದ್ದಾರಲ್ಲ ಎಂದು ಮೈಯುರಿಯಿತು.

"ಯಾರ್ಲಾ ಅದು, ಕೋಳಿ ಕೂಗೋಕ್ ಮುಂಚೆ ಬಂದು ಗಲಾಟೆ ಮಾಡೋರು? ಮರ್ಯಾದೆ ಇಲ್ವಾ? ಎದ್ದೋಗ್ರಲಾ!" ಎಂದು ಅಬ್ಬರಿಸಿದೆ.

ದನಿಗಳು ನಿಂತವು. ಹೆಂಡತಿ ಓಡಿ ಬಂದಳು. ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತಾರೆ, ಮದುವೆಯ ಗಂಡನ್ನು ಮಾಪ್ಳೆ. "ಐಯೋ ಮಾವ, ಬಾಯಿ ಮುಚ್ರಿ! ಮಾಪ್ಳೆ ಮನೆಯೋರು ಬಂದವ್ರೆ. ಗಂಟೆ ಹನ್ನೊಂದೂವರೆ ಆಯ್ತು!"

ನಾನು ನಂಬಲಿಲ್ಲ. ಗೋಡೆ ಹಿಡಿದು ಹಿತ್ತಿಲಿಗೆ ಬಂದು ಚಪ್ಪಡಿಯ ಮೇಲೆ ಕಾಲಿಟ್ಟೆ. ಅಂಗಾಲು ಚುರ್ರೆಂದಿತು. ಆರೂವರೆ ತಾಸು ಎಲ್ಲಿ ಹೋಯಿತು?

"ದಿನಾ ಒಸಿ ಒಸಿ ತಡವಾಗೇ ಏಳ್ತಿದ್ರಿ. ಹೇಳುದ್ರೆ ನೊಂದ್ಕತೀರಿ ಅಂತ ಸುಮ್ಕಿದ್ದೆ," ಎಂದಳು ಅವಳು, ಅಳುವ ದನಿಯಲ್ಲಿ.

ಅಷ್ಟರಲ್ಲಿ ಪಡಸಾಲೆಯಲ್ಲಿ ಚಪ್ಪಲಿ ಮೆಟ್ಟುವ ಸದ್ದು. ತಂಗಿಯ ಬಾಳು ನನ್ನ ಬಾಯಿಂದ ಹೋಯಿತಲ್ಲ ಎಂದುಕೊಂಡೆ. ತಡವರಿಸುತ್ತ ಒಳಗೆ ಹೋಗಿ, ಕೈಮುಗಿದು, ಕಣ್ಣಿನ ಕಥೆಯನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಆಮೇಲೆ ರಾಜಮ್ಮ ಬಂದು ನನ್ನ ಭುಜ ಹಿಡಿದು ತಿರುಗಿಸಿ, "ಅಣ್ಣ, ಅದು ಭತ್ತದ ಮೂಟೆ. ಅವ್ರು ಈ ಕಡೆ ಅವ್ರೆ," ಎಂದಳು. ಮೊದಲು ನಕ್ಕವನು ಹುಡುಗ. ಅವನ ಅಪ್ಪ ಚಪ್ಪಲಿ ಬಿಟ್ಟು ಮತ್ತೆ ಕೂತರು.

ಮರುದಿನ ಪಟ್ಟಿ ಬಿಚ್ಚಿದ ಡಾಕ್ಟರು ಇದನ್ನು ಕೇಳಿ ಅಚ್ಚರಿಪಡಲೇ ಇಲ್ಲ. ಮೈಯೊಳಗೆ ಗಡಿಯಾರ ಇರುವುದೇನೋ ನಿಜವಂತೆ. ಆದರೆ ಅದು ದಿನವೂ ಸ್ವಲ್ಪ ಹಿಂದೆ ಬೀಳುತ್ತದಂತೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದು ದಿನದಿನವೂ ಅದನ್ನು ಸರಿಮಾಡುತ್ತದಂತೆ. ನನ್ನದೆಂದು ಮೆರೆದದ್ದೆಲ್ಲ ಸೂರ್ಯನ ಕೆಲಸ! ಬೆಳಗ್ಗೆ ನನ್ನನ್ನು ಎಬ್ಬಿಸಿ ಬಿಸಿಲಿಗೆ ಕೂರಿಸುವ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. ಎರಡು ವಾರದಲ್ಲಿ ನಿದ್ದೆ ಹಳೆಯ ಹೊತ್ತಿಗೆ ಮರಳಿತು.

ಮದುವೆಯ ಮುಹೂರ್ತ ಗೊತ್ತುಮಾಡಲು ಬಂದ ಬೀಗರು ಮೊದಲು ನನ್ನ ಕಡೆ ತಿರುಗಿ, "ಈಗ ಹಗಲೋ ರಾತ್ರಿಯೋ, ನೀವೇ ಹೇಳ್ಬುಡಿ," ಎಂದರು. ಎಲ್ಲರೂ ನಕ್ಕರು. ನಾನು ಎದ್ದು, ಬಾಗಿಲಾಚೆ ಒಮ್ಮೆ ಇಣುಕಿ ನೋಡಿ ಬಂದು, ಹಗಲು ಎಂದೆ.