ತೆರೆಯ ಮೇಲಿನ ಸಂಸಾರಕ್ಕೆ ಕಟ್ಟಿದ ಬುತ್ತಿ

ಹಸಿದವನಂತೆ ಅಭಿನಯಿಸುವುದರಲ್ಲಿ ನನ್ನದು ಎತ್ತಿದ ಕೈ. ಇದನ್ನು ಜಂಬದಿಂದ ಹೇಳುತ್ತಿಲ್ಲ; ಜಂಬದ ಮಾತುಗಳು ಬೇರೆ ಇವೆ, ಮುಂದೆ ಬರುತ್ತವೆ. ಕೆನ್ನೆಯನ್ನು ಒಳಕ್ಕೆಳೆದುಕೊಂಡು, ಕಣ್ಣನ್ನು ತುಸು ಮೇಲಕ್ಕೇರಿಸಿ, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟೆನೆಂದರೆ ನೋಡಿದವರ ಕರುಳು ಚುರ್ ಎನ್ನಬೇಕು. ಆದರೆ ಹಸಿವನ್ನು ಅಭಿನಯಿಸುವುದು ಬೇರೆ, ತಡೆದುಕೊಳ್ಳುವುದು ಬೇರೆ. ಎರಡನೆಯ ವಿದ್ಯೆ ನನಗೆ ಹುಟ್ಟಿನಿಂದಲೇ ಇಲ್ಲ. ತೊಟ್ಟಿಲಿಗೆ ಹಾಕಿದ ದಿನ ನಾನು ಹಾಲಿಗಾಗಿ ಎಷ್ಟು ಅರಚಿದೆನೆಂದರೆ ಸೋದರತ್ತೆ ಕಿವಿಯಲ್ಲಿ ಹೇಳಿದ ಹೆಸರು ಅವಳಿಗೇ ಕೇಳಿಸಲಿಲ್ಲ ಎಂದು ನಮ್ಮ ತಾಯಿ ಹೇಳುತ್ತಿದ್ದರು. ನಟನಿಗೆ ಒಂದು ವಿದ್ಯೆ ಇದ್ದು ಇನ್ನೊಂದು ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾನು ನನ್ನ ಊರಾದ ಕಲಬುರ್ಗಿಯಲ್ಲೇ, ಡೇರೆಯ ಜನರ ಮುಂದೆ ನಿಂತು ಕಲಿತೆ.

ಆಗಿನ್ನೂ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ನಾನು ಊರಿನ ನಾಟಕ ಮಂಡಳಿ ಬಿಟ್ಟು ಮುಂಬಯಿಗೆ ಹೋಗಿ, ಒಬ್ಬ ಸೇಠರ ಚಿತ್ರದ ಕಂಪನಿ ಸೇರಿ ಎರಡು ವರ್ಷವಾಗಿತ್ತು. ಅವರು ತೆಗೆದ ಒಂದು ಚಿತ್ರದಲ್ಲಿ ನನ್ನದು ನೇಕಾರನ ಪಾತ್ರ. ಗಿರಣಿ ಬಟ್ಟೆ ಬಂದು ಮಗ್ಗ ನಿಂತುಹೋಗುತ್ತದೆ. ನೇಕಾರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮುಂಬಯಿಗೆ ಹೋಗುತ್ತಾನೆ. ಅಲ್ಲಿ ಗುರುತಿಲ್ಲ, ಪರಿಚಯವಿಲ್ಲ, ಬೀದಿಯ ಬದಿಯಲ್ಲಿ ಉಪವಾಸ ಬೀಳುತ್ತಾರೆ. ಚಿತ್ರದುದ್ದಕ್ಕೂ ಹಸಿಯುವ ಕೆಲಸ ನನ್ನದು. ಕಡೆಯ ಹತ್ತು ನಿಮಿಷ ಬಂದು ನಮಗೆಲ್ಲ ಊಟ ಹಾಕಿ ನಾಯಕನೆನಿಸಿಕೊಳ್ಳುವ ಕೆಲಸ ಸೇಠರ ತಂಗಿಯ ಮಗನದು. ನನ್ನ ಹೆಂಡತಿಯ ಪಾತ್ರ ಮಾಡಿದವನು ಗೋವಿಂದನೆಂಬ ಗಂಡಸು. ಒಣಕಲು ಮೈ, ದೊಡ್ಡ ಕಣ್ಣು. ಸೀರೆ ಉಟ್ಟು ಸೆರಗು ಹೊದ್ದರೆ ಸಾಕ್ಷಾತ್ ಬಡ ಗರತಿ. ಸೆರಗಿನ ಮರೆಯಲ್ಲಿ ಬೀಡಿ ಸೇದುತ್ತಿದ್ದನೆಂಬುದು ತೆರೆಯ ಮೇಲೆ ಕಾಣುತ್ತಿರಲಿಲ್ಲ.

ಚಿತ್ರ ಮುಗಿದ ಮೇಲೆ ಸೇಠರು ನನ್ನನ್ನು ಕರೆದರು. "ನೀನು ಮೊಗಲಾಯಿಯವನು, ನಿಜಾಮರ ಸೀಮೆಯವನು. ಚಿತ್ರದ ಪೆಟ್ಟಿಗೆ ತೆಗೆದುಕೊಂಡು ನಿಮ್ಮ ಊರಿಗೆ ಹೋಗು. ನಮ್ಮ ಮ್ಯಾನೇಜರ ಡೇರೆ ಹಾಕಿಸುತ್ತಾನೆ, ಡಂಗುರ ನಿನ್ನದು. ಮೂರು ದಿನ ಡೇರೆ ತುಂಬಿದರೆ ಮುಂದಿನ ಚಿತ್ರದಲ್ಲಿ ರಾಜ ನೀನೇ" ಎಂದರು. ಕಿರೀಟದ ಭಾರಕ್ಕೆ ಅಲ್ಲೇ ನನ್ನ ಕತ್ತು ಒಂದಿಷ್ಟು ನೆಟ್ಟಗಾಯಿತು. ನಾನು ತುಂಬಿಸದ ಡೇರೆ ಇನ್ಯಾರು ತುಂಬಿಸಬೇಕು?

ರಾಜನಾಗುವುದು ನನಗೆ ಬಹಳ ಅವಶ್ಯಕವಾಗಿತ್ತು. ಮನೆಯಲ್ಲಿ ನೀಲಮ್ಮ, ಎಂದರೆ ಬೀಡಿ ಸೇದದ ನನ್ನ ನಿಜವಾದ ಹೆಂಡತಿ, ಎರಡು ವರ್ಷದಿಂದ ಕಾಯುತ್ತಿದ್ದಳು. ರೈಲು ಇಳಿದು ಮನೆಗೆ ಹೋದ ದಿನವೇ, ಕಾಲಿಗೆ ನೀರು ಕೊಟ್ಟು, "ಈ ಸಲ ನನ್ನೂ ಕರ್ಕೊಂಡು ಹೋಗ್ತೀರಿಲ್ರೀ?" ಎಂದು ಕೇಳಿದಳು. ನಾನು ತಂಬಿಗೆ ಕೆಳಗಿಟ್ಟು, "ರಾಜನ ಪಾತ್ರ ಸಿಗ್ಲಿ. ರಾಣಿ ಹಂಗ ಕರ್ಕೊಂಡು ಹೋಗ್ತೀನಿ" ಎಂದೆ. ಆಮೇಲೆ ಅವಳೆದುರು ನೇಕಾರನ ಹಸಿವನ್ನು ಅಭಿನಯಿಸಿಯೂ ತೋರಿಸಿದೆ. ನನ್ನ ನಟನೆಯನ್ನು ಅವಳು ಯಾವತ್ತೂ ಹೊಗಳಿದವಳಲ್ಲ. ಅಂದೂ ನೋಡಿ, "ರೊಟ್ಟಿ ಆಗ್ಯಾವ, ಏಳ್ರಿ" ಎಂದಳು.

ಸ್ಟೇಶನ್ ಬಜಾರದ ಹತ್ತಿರ ಬಯಲಲ್ಲಿ ಡೇರೆ ಎದ್ದಿತು. ಡಂಗುರಕ್ಕೆ ಅಪ್ಪಣೆ ಬೇಕಲ್ಲ, ಚಿತ್ರದ ಕಥೆಯನ್ನೂ ಸೇರಿಸಿ ಉರ್ದುವಿನಲ್ಲಿ ಅರ್ಜಿ ಬರೆಸಿಕೊಂಡು ಪೊಲೀಸ್ ಅಮೀನ ಸಾಹೇಬರ ಮುಂದೆ ನಿಂತೆ. ಅವರು ಅರ್ಜಿಯನ್ನು ಎರಡು ಸಲ ಓದಿ, "ಈ ಖಾನದಾನ ಊರು ಬಿಡೋವಾಗ ಪಟೇಲಗ ಖಬರ್ ಕೊಟ್ಟಿತ್ತೇನು?" ಎಂದು ಗಂಭೀರವಾಗಿ ಕೇಳಿದರು. ಅದು ಕಥೆ ಸಾಹೇಬರೇ ಎಂದೆ. "ಕಥೆ ಆದ್ರೇನಾಯ್ತು, ಖಬರ್ ಕೊಡಬೇಕು" ಎಂದು ಮೊಹರು ಒತ್ತಿದರು. ನನ್ನ ಜನ ಚಿತ್ರವನ್ನು ಹೇಗೆ ನೋಡುತ್ತಾರೆಂಬುದು ಆಗಲೇ ನನಗೆ ಹೊಳೆಯಬೇಕಿತ್ತು. ಆದರೆ ರಾಜನಾಗಲು ಹೊರಟವನಿಗೆ ಸಣ್ಣಪುಟ್ಟ ಸಂಗತಿಗಳು ಕಾಣುವುದಿಲ್ಲ.

ಕಲಬುರ್ಗಿಯ ಓಣಿಗಳನ್ನು ಮುಗಿಸಿ, ಕಮಲಾಪುರದ ಸಂತೆಗೂ ಹೋಗುವುದೆಂದು ನಿಶ್ಚಯಿಸಿದೆ. ಮೌಲಾಸಾಬನ ಟಾಂಗಾ ಹತ್ತಿ ನಸುಕಿನಲ್ಲೇ ಹೊರಟೆವು. ಟಾಂಗಾದ ಹಿಂದೆ ದೊಡ್ಡದೊಂದು ಫೋಟೋ ಕಟ್ಟಿದ್ದೆ: ನಾನು, ಗೋವಿಂದ, ಇಬ್ಬರು ಮಕ್ಕಳು, ತಲೆಯ ಮೇಲೆ ಗಂಟು. ಸಂತೆ ತುಂಬಿದ ಹೊತ್ತಿಗೆ ಮೌಲಾಸಾಬ ಹಲಗೆ ಬಾರಿಸಿದ, ನಾನು ಟಾಂಗಾದ ಮೇಲೆ ಎದ್ದು ನಿಂತೆ. ಪಾತ್ರವೇ ಮಾತನಾಡಿದರೆ ಜನರ ಮನಸ್ಸಿಗೆ ನಾಟುತ್ತದೆಂಬುದು ನನ್ನ ಸಿದ್ಧಾಂತ. ಅದಕ್ಕೇ ಕೈಮುಗಿದು, ಕೆನ್ನೆ ಒಳಗೆಳೆದುಕೊಂಡು, "ಅಣ್ಣಗಳಿರಾ, ಅವ್ವಗಳಿರಾ, ನಮ್ಮ ಮಗ್ಗ ನಿಂತದ. ಹೆಂಡ್ರು ಮಕ್ಕಳನ್ನ ಕಟ್ಕೊಂಡು ಮುಂಬಯಿಗಿ ಹೊಂಟೀವಿ. ಶುಕ್ರವಾರ ಕಲಬುರ್ಗಿ ಡೇರೆದಾಗ ಬಂದು ನಮ್ಮನ್ನ ನೋಡ್ರಿ" ಎಂದೆ. ಕಣ್ಣಲ್ಲಿ ನೀರು ತಂದೆ. ನಾಲ್ಕಾರು ಹೆಂಗಸರು ನನಗಿಂತ ಹೆಚ್ಚು ನೀರು ತಂದರು. ಇಷ್ಟು ಚೆನ್ನಾಗಿ ನಾನು ಮುಂಬಯಿಯಲ್ಲಿಯೂ ಮಾಡಿರಲಿಲ್ಲ.

ಕೆಂಪು ಬಾಳೆಹಣ್ಣು ಮಾರುತ್ತಿದ್ದ ಗುರಮ್ಮಾಯಿ ಎಂಬ ಮುದುಕಿ ಎದ್ದು ಬಂದು ಫೋಟೋವನ್ನು ಬಹಳ ಹೊತ್ತು ನೋಡಿದಳು. ಗೋವಿಂದನ ಮುಖದ ಮೇಲೆ ಬೆರಳಿಟ್ಟು, "ಬಾಣಂತಿ ಇದ್ದಂಗ ಅದಾಳಲ್ಲೋ ತಮ್ಮಾ. ಎಲುವು ಬಿಟ್ಟಾವ. ಹಾದಿಗಿ ಬುತ್ತಿ ಕಟ್ಕೊಂಡೀರಿಲ್ಲೋ?" ಎಂದಳು. ನಾನು ಪಾತ್ರ ಬಿಡಲಿಲ್ಲ. ಉತ್ತಮ ನಟ ಬಿಡಬಾರದು. "ಎಲ್ಲಿ ಬುತ್ತಿ ಆಯಿ, ಮನ್ಯಾಗ ಹಿಡಿ ಹಿಟ್ಟಿಲ್ಲ" ಎಂದು ನಿಟ್ಟುಸಿರು ಬಿಟ್ಟೆ.

ನಮ್ಮ ಕಡೆ ಊರು ಬಿಟ್ಟು ಹೋಗುವವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಜಗಳವಾಡಿ ಹೋಗುವವನಿಗೂ ಬುತ್ತಿ ಕಟ್ಟಿಕೊಟ್ಟು, ಆಮೇಲೆ ಬೇಕಾದರೆ ಬೆನ್ನ ಹಿಂದೆ ಬೈಯುತ್ತಾರೆ. ಅರ್ಧ ತಾಸಿನೊಳಗೆ ಗುರಮ್ಮಾಯಿ ಮನೆಗೆ ಹೋಗಿ ಗಂಟಿನೊಂದಿಗೆ ಬಂದಳು. ಇಪ್ಪತ್ತು ಒಣ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ನಾಲ್ಕು ಉಳ್ಳಾಗಡ್ಡಿ, ಮೇಲೊಂದು ಚಿಪ್ಪು ಕೆಂಪು ಬಾಳೆಹಣ್ಣು. ಗಂಟನ್ನು ನನ್ನ ಕೈಯಲ್ಲಿಟ್ಟು, "ಮೊದ್ಲ ಆ ಹೆಣ್ಮಗಳಿಗಿ ಕೊಡು. ಆಮ್ಯಾಲ ಮಕ್ಕಳಿಗಿ. ಉಳದ್ರ ನೀ ತಿನ್ನು. ಶುಕ್ರವಾರ ಬಾಳಿಗೊನಿ ಬಂಡಿ ಸಂಗಾಟ ನಾ ಕಲಬುರ್ಗಿಗಿ ಬರ್ತೀನಿ, ನಿಮ್ಮನ್ನ ಕಳಿಸಿ ಹೋಗ್ತೀನಿ" ಎಂದಳು. ಇದು ಬರೀ ಆಟ, ಫೋಟೋದಲ್ಲಿರುವವನು ಗಂಡಸು, ಹೊಟ್ಟೆ ತುಂಬಿದವನು ಎಂದು ಆಗ ಹೇಳಬೇಕಾಗಿತ್ತು. ನನಗಾದದ್ದು ಸಂತೋಷ, ಬರೀ ಸಂತೋಷ. ನಟನೊಬ್ಬನಿಗೆ ಇದಕ್ಕಿಂತ ದೊಡ್ಡ ಪದಕ ಯಾವುದಿದೆ?

ಪದಕವನ್ನು ನಾವು ಹಾದಿಯಲ್ಲಿ ತಿಂದೆವು. ಅರ್ಧ ದಾರಿಗೆ ಬಂದು, ಬೇವಿನ ಮರದ ಕೆಳಗೆ ಕುದುರೆಗೆ ನೀರು ಕುಡಿಸಲು ನಿಂತಾಗ, ಹಿಂಡಿಯ ವಾಸನೆ ಗಂಟಿನಿಂದ ಹೊರಬಿದ್ದಿತ್ತು. ಮೌಲಾಸಾಬ ಒಳ್ಳೆಯ ಮನುಷ್ಯ. "ಶರಣಪ್ಪಾ, ಇದು ಆ ಖಾನದಾನದ್ದು ಅದಲ್ಲ?" ಎಂದು ಅನುಮಾನಿಸಿದ. "ಆ ಖಾನದಾನದ ಯಜಮಾನ ನಾನೇ ಅಲ್ಲೇನೋ?" ಎಂದೆ. ಇಂಥ ವಾದಕ್ಕೆ ಹಸಿದ ಟಾಂಗಾವಾಲ ಎದುರುತ್ತರ ಕೊಡುವುದಿಲ್ಲ. ಕಲಬುರ್ಗಿ ತಲುಪುವ ಹೊತ್ತಿಗೆ ಬಾಳೆಹಣ್ಣಿನ ಸಿಪ್ಪೆಯೂ ಕುದುರೆಯ ಹೊಟ್ಟೆ ಸೇರಿತ್ತು. ಮನೆಯಲ್ಲಿ ನೀಲಮ್ಮ ಊಟಕ್ಕೆ ಕರೆದಾಗ ಒಲ್ಲೆ ಎಂದೆ. ಅವಳು ನನ್ನ ಮುಖ ನೋಡಿ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಡೇರೆಯಲ್ಲಿ ಮುಕ್ಕಾಲು ಪಾಲು ಜನ. ಪೂರ್ತಿ ತುಂಬಿರಲಿಲ್ಲ, ಕಿರೀಟ ಇನ್ನೂ ಅನುಮಾನದಲ್ಲಿತ್ತು. ಒಂದು ಬದಿಗೆ ಪರದೆ ಕಟ್ಟಿ ಹೆಂಗಸರಿಗೆ ಜಾಗ ಮಾಡಿದ್ದರು. ನೀಲಮ್ಮ ಅಲ್ಲಿ ಕುಳಿತಿದ್ದಳು. ಮಾತಿಲ್ಲದ ಚಿತ್ರವಾದ್ದರಿಂದ ತೆರೆಯ ಪಕ್ಕದಲ್ಲಿ ಒಬ್ಬ ನಿಂತು, ಬೆತ್ತ ಹಿಡಿದು ಕಥೆ ಹೇಳಬೇಕು. ಆ ಕೆಲಸವನ್ನೂ ನಾನೇ ವಹಿಸಿಕೊಂಡಿದ್ದೆ. ಇನ್ನೊಬ್ಬ ಯಾವನೋ ನನ್ನ ಅಭಿನಯವನ್ನು ವರ್ಣಿಸಿದರೆ ಅದಕ್ಕೆ ನ್ಯಾಯ ಸಿಗುತ್ತದೆಯೆ? ಹೀಗಾಗಿ ತೆರೆಯ ಮೇಲೆ ಸೊರಗಿದ ನಾನು, ಪಕ್ಕದಲ್ಲಿ ಎರಡು ವಾರ ನೀಲಮ್ಮನ ಕೈಯಡುಗೆ ಉಂಡು ದುಂಡಗಾದ ನಾನು, ಇಬ್ಬರೂ ಜನರ ಕಣ್ಣ ಮುಂದೆ ಒಟ್ಟಿಗೇ ಇದ್ದೆವು. ಇದರ ಅಪಾಯ ನನಗೆ ತೋಚಲೇ ಇಲ್ಲ.

ಊರು ಬಿಡುವ ಭಾಗ ಸೊಗಸಾಗಿ ಸಾಗಿತು. ರೈಲು ಬಂದಾಗ ಮುಂದಿನ ಸಾಲಿನವರು ಕಾಲು ಹಿಂದೆ ಎಳೆದುಕೊಂಡರು. ಮುಂಬಯಿಯ ಬೀದಿ ಬಂತು. ಗೋವಿಂದ ಮಗುವನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ. ನಾನು ತೆರೆಯ ಮೇಲೆ ಹೊಟ್ಟೆ ಹಿಡಿದುಕೊಂಡೆ, ತೆರೆಯ ಕೆಳಗೆ ಕಂಠವನ್ನು ನಡುಗಿಸಿ, "ಮೂರು ದಿನ ಆತು! ಈ ಸಂಸಾರದ ಹೊಟ್ಟಿಗಿ ಒಂದು ತುತ್ತು ಬಿದ್ದಿಲ್ಲ!" ಎಂದು ಕೂಗಿದೆ.

"ಯಾಕ ಬಿದ್ದಿಲ್ಲ?" ಎಂದು ಹೆಂಗಸರ ಕಡೆಯಿಂದ ಧ್ವನಿ ಬಂತು. ಪರದೆ ಸರಿಸಿ ಎದ್ದು ನಿಂತವಳು ಗುರಮ್ಮಾಯಿ. "ನಾ ಕೊಟ್ಟ ಬುತ್ತಿ ಏನಾತೋ? ಇಪ್ಪತ್ತು ರೊಟ್ಟಿ ಕಟ್ಟೀನಿ. ಆ ಕೂಸಿನ ಬಾಯಾಗ ಒಂದು ಚೂರಾದ್ರೂ ಇಟ್ಟಿಯೇನು?"

ಡೇರೆಯೆಲ್ಲ ನನ್ನ ಕಡೆ ತಿರುಗಿತು. ನಾನು ಧೈರ್ಯಗೆಡಲಿಲ್ಲ. ನಾಟಕ ಮಂಡಳಿಯಲ್ಲಿ ಕೊಳೆತ ಬದನೆಕಾಯಿಗೆ ಎದೆಯೊಡ್ಡಿ ನಿಂತವನು ನಾನು. ನಕ್ಕು, "ಆಯಿ, ಇದು ಚಿತ್ರ. ಆರು ತಿಂಗಳ ಹಿಂದ ತಗದದ್ದು" ಎಂದೆ.

"ಆರು ತಿಂಗಳಾ! ಆರು ತಿಂಗಳದಿಂದ ಉಪಾಸ ಕುಂತಾರೇನು ಅವ್ರು?" ಎಂದಳು. "ರೊಟ್ಟಿ ಯಾರು ತಿಂದ್ರು, ಅದು ಹೇಳು."

ಬಾಗಿಲ ಬಳಿ ನಿಂತಿದ್ದ ಮೌಲಾಸಾಬನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಎರಡೂ ಕೈಯಿಂದ ಕಿವಿ ಹಿಡಿದುಕೊಂಡು, "ಮಾಫ್ ಮಾಡ್ರಿ ಆಯಿ. ನಾ ಆರು ತಿಂದೀನಿ. ಹದಿನಾಲ್ಕು ಶರಣಪ್ಪ ತಿಂದಾನ" ಎಂದ. ಇಡೀ ಡೇರೆ "ಥೂ!" ಎಂದಿತು. ಅಷ್ಟು ಜನ ಒಂದೇ ಸ್ವರದಲ್ಲಿ ಏನನ್ನಾದರೂ ಹೇಳಿದ್ದನ್ನು ನಾನು ರಂಗಭೂಮಿಯಲ್ಲಿ ಮತ್ತೆ ಕೇಳಿಲ್ಲ. ಅದೇ ಹೊತ್ತಿಗೆ ತೆರೆಯ ಮೇಲಿನ ನಾನು ಹಸಿವಿನಿಂದ ಮೂರ್ಛೆ ಹೋದೆ. ಯಾರೂ ಅಯ್ಯೋ ಎನ್ನಲಿಲ್ಲ.

ಗುರಮ್ಮಾಯಿ ಅಷ್ಟಕ್ಕೇ ಬಿಡಲಿಲ್ಲ. "ಸಂಸಾರ ಮುಂಬಯಿದಾಗ ಬಿಟ್ಟು ನೀ ಇಲ್ಲಿ ಬಂದು ಉಂಡು ತಿರುಗಾಡಾಕತ್ತೀಯಲ್ಲ" ಎಂದಳು. ನಾನು ಕಡೆಯ ಅಸ್ತ್ರವಾಗಿ, "ಅವ ನನ್ನ ಹೆಂಡ್ತಿ ಅಲ್ಲ ಆಯಿ, ಗೋವಿಂದ! ನನ್ನ ಖರೆ ಹೆಂಡ್ತಿ ಇಲ್ಲೇ ಅದಾಳ, ಕೇಳಿ ನೋಡು" ಎಂದೆ. ಆ ಕ್ಷಣಕ್ಕೆ ಅದು ಬಹಳ ಜಾಣ ಮಾತಾಗಿ ಕಂಡಿತ್ತು.

"ನಾನ ರೀ ಆಯಿ" ಎಂದಳು ನೀಲಮ್ಮ, ಮುದುಕಿಯ ಮಗ್ಗುಲಲ್ಲೇ ಕುಳಿತಿದ್ದವಳು. "ಎರಡು ವರ್ಷ ಆತು ನನ್ನ ಇಲ್ಲೇ ಬಿಟ್ಟು."

ಗುರಮ್ಮಾಯಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ನೀಲಮ್ಮನ ತಲೆಯ ಮೇಲೆ ಕೈಯಿಟ್ಟು ಕುಳಿತುಕೊಂಡಳು. ನನಗೆ ನಾಚಿಕೆಯಾಯಿತು, ಹದಿನಾಲ್ಕು ರೊಟ್ಟಿಗಲ್ಲ, ಆ ಎರಡು ವರ್ಷಕ್ಕೆ. ಕೈಯಲ್ಲಿದ್ದ ಬೆತ್ತವನ್ನು ಎಲ್ಲಿಡಬೇಕೆಂದು ತಿಳಿಯದೆ ಉಳಿದ ಕಥೆಯನ್ನು ಹೇಗೋ ಹೇಳಿ ಮುಗಿಸಿದೆ.

ಮರುದಿನ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುತ್ತಿ ತಿಂದವನನ್ನು ನೋಡಬೇಕೆಂದು ಓಣಿ ಓಣಿಯಿಂದ ಜನ ಬಂದಿದ್ದರು. ಬರಿಗೈಯಲ್ಲಿ ಬಂದಿರಲಿಲ್ಲ, ರೊಟ್ಟಿ, ಹಿಂಡಿ, ಬೆಲ್ಲ, ಪುಟಾಣಿ ತಂದು ತೆರೆಯ ಮುಂದೆ ಗೋವಿಂದನಿಗೂ ಮಕ್ಕಳಿಗೂ ಎಂದು ಸಾಲಾಗಿ ಇಟ್ಟರು. ಅದನ್ನು ಕಾಯಲು, ಯಾರಿಂದ ಎಂದು ಬಿಡಿಸಿ ಹೇಳಬೇಕಾಗಿಲ್ಲ, ನೀಲಮ್ಮ ಕುಳಿತಳು. ಮೂರನೆಯ ದಿನವೂ ಹಾಗೆಯೇ. ಈ ಗಂಟುಗಳನ್ನು ಏನು ಮಾಡುವುದೆಂದು ನಾನು ತಲೆ ಕೆರೆದುಕೊಂಡೆ, ನೀಲಮ್ಮ ಕೆರೆದುಕೊಳ್ಳಲಿಲ್ಲ. ಮೌಲಾಸಾಬನ ಟಾಂಗಾದಲ್ಲಿ ಹೇರಿಸಿ ಸ್ಟೇಶನ್ನಿಗೆ ಒಯ್ದು, ಮುಂಬಯಿ ಗಾಡಿಗೆ ಕಾದು ಕುಳಿತ ಸಂಸಾರಗಳಿಗೆ, ಮೊದಲು ಹೆಂಗಸರಿಗೆ, ಆಮೇಲೆ ಮಕ್ಕಳಿಗೆ, ಹಂಚಿಬಿಟ್ಟಳು. ನಮ್ಮ ಚಿತ್ರದವರಂತೆಯೇ ತಲೆಯ ಮೇಲೆ ಗಂಟು ಹೊತ್ತವರು ಅಷ್ಟು ಮಂದಿ ನಮ್ಮ ಸ್ಟೇಶನ್ನಿನಲ್ಲೇ ಇದ್ದಾರೆಂದು, ನಾಲ್ಕು ತಿಂಗಳು ಅವರ ಪಾತ್ರ ಮಾಡಿದ ನನಗೆ ಅಂದೇ ಗೊತ್ತಾದದ್ದು.

ವಾರ ಕಳೆದು ಸೇಠರ ಕಾಗದ ಬಂತು. ಡೇರೆ ತುಂಬಿದ್ದಕ್ಕೆ ಸಂತೋಷಪಟ್ಟಿದ್ದರು. ನಡೆದುದನ್ನೆಲ್ಲ ಮ್ಯಾನೇಜರ ಬರೆದು ತಿಳಿಸಿದ್ದನಾಗಿ, ರಾಜನ ಪಾತ್ರಕ್ಕಿಂತ ನನಗೆ ಹೆಚ್ಚು ಒಪ್ಪುವ ಪಾತ್ರವೊಂದು ಅವರಿಗೆ ಸಿಕ್ಕಿತ್ತು: ಅರಮನೆಯ ಅಡಿಗೆಮನೆಯಲ್ಲಿ ಕದ್ದು ತಿನ್ನುವ ವಿದೂಷಕ. ನಾನು ಕಾಗದ ಮಡಚಿಟ್ಟು, "ರಾಜನ ಪಾತ್ರ ಮುಂದಿನ ವರ್ಷ ಬರ್ತದ. ಆವಾಗ..." ಎಂದು ಆರಂಭಿಸಿದೆ. ನೀಲಮ್ಮ ಆಗಲೇ ಟ್ರಂಕಿಗೆ ಬೀಗ ಹಾಕುತ್ತಿದ್ದಳು. "ವಿದೂಷಕಗ ಹೆಂಡ್ತಿ ಇರಬಾರ್ದಂತ ಎಲ್ಲೈತ್ರಿ?" ಎಂದಳು.

ಗಾಡಿ ಕಲಬುರ್ಗಿ ಬಿಟ್ಟಿತು. ಕಮಲಾಪುರದಿಂದ ಗುರಮ್ಮಾಯಿ ಕಳಿಸಿದ ಬುತ್ತಿಯ ಗಂಟು ನೀಲಮ್ಮನ ತೊಡೆಯ ಮೇಲಿತ್ತು, ಅದರ ಮೇಲೆ ಅವಳ ಎರಡೂ ಕೈ. ಒಂದೆರಡು ಸ್ಟೇಶನ್ನು ದಾಟುವುದರೊಳಗೆ ಹಿಂಡಿಯ ವಾಸನೆ ಬರತೊಡಗಿತು. ಒಂದು ರೊಟ್ಟಿ ಕೇಳಿದೆ. "ಸೋಲಾಪುರ ಬರ್ಲಿ" ಎಂದಳು. ನಾನು ಕಿಟಕಿಗೆ ಒರಗಿ ಕುಳಿತೆ. ಕೆನ್ನೆ ಒಳಗೆ ಹೋಯಿತು, ಕಣ್ಣು ಮೇಲಕ್ಕೇರಿತು, ಕೈ ಹೊಟ್ಟೆಯ ಮೇಲೆ ಬಂತು. ನೀಲಮ್ಮ ನನ್ನನ್ನೇ ನೋಡಿ, "ಭಾಳ ಚಂದ ಮಾಡ್ತೀರಿ ನೋಡ್ರಿ" ಎಂದಳು. ಮದುವೆಯಾದ ಮೇಲೆ ಅವಳು ನನ್ನ ಅಭಿನಯವನ್ನು ಹೊಗಳಿದ್ದು ಅದೇ ಮೊದಲು. ಆಗ ನಾನು ಅಭಿನಯಿಸುತ್ತಿರಲಿಲ್ಲ.